ಕೈ ಬೀಸದವರ ಹಡಗು

ಹಡಗು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ಬೇರೆಯವರು ಅದರ ಊಟ ನೋಡುತ್ತಾರೆ, ಹಾಸಿಗೆ ನೋಡುತ್ತಾರೆ. ಫೋರ್ಟ್ ಲಾಡರ್‌ಡೇಲಿನಲ್ಲಿ, ಬಂದರಿನ ಕಾಲುವೆ ಸಮುದ್ರ ಸೇರುವ ಮೂಲೆಯಲ್ಲಿರುವ ಆ ಎತ್ತರದ ಕಟ್ಟಡದವರು ಮಾತ್ರ ನೋಡುವುದು ಒಂದನ್ನೇ. ಹಡಗಿನ ಮೇಲಿದ್ದವರು ತಿರುಗಿ ಕೈ ಬೀಸಿದರೋ ಇಲ್ಲವೋ ಎಂಬುದನ್ನು.

ಚಳಿಗಾಲ ಪೂರ್ತಿ ಅವರಿಗೆ ಇದೇ ಕೆಲಸ. ಬಿಸಿಲು ಇಳಿಯುವ ಹೊತ್ತಿಗೆ ಹಡಗುಗಳು ಒಂದರ ಹಿಂದೊಂದು ಬಂದರು ಬಿಟ್ಟು, ಕಟ್ಟಡದ ಕಾಲ ಬುಡದಲ್ಲೇ ಹಾದು ಹೋಗುತ್ತವೆ. ಎಲ್ಲರೂ ನಿವೃತ್ತರು, ಸಂಜೆಯೂಟ ಬೇಗ ಮಾಡುವವರು. ಆದರೂ ಹಡಗಿನ ಸಿಳ್ಳೆ ಕೇಳಿದ್ದೇ ತಡ, ಬಾಯಿಗೆ ಹೊರಟ ಮೀನಿನ ತುಂಡನ್ನು ತಟ್ಟೆಗೇ ಬಿಟ್ಟು ಬಾಲ್ಕನಿಗೆ ಓಡುತ್ತಾರೆ. ಗಂಟೆ ಬಾರಿಸುತ್ತಾರೆ, ಬಾಣಲೆ ಬಡಿಯುತ್ತಾರೆ, ಟವೆಲು ಬೀಸುತ್ತಾರೆ. ಮರುದಿನ ಲಿಫ್ಟಿನಲ್ಲಿ, ಈಜುಕೊಳದ ಪಕ್ಕದಲ್ಲಿ ಅದೇ ಮಾತು. ನಿನ್ನೆಯವರು ಪರವಾಗಿಲ್ಲ, ಒಳ್ಳೆ ಜನ. ಮೊನ್ನೆಯವರು ಬಿಡಿ, ಜಂಬದ ಕೋಳಿಗಳು.

ಆರ್ಡಿಸ್ ಲುಂಡೀನ್ ಇರುವುದು ಇದೇ ಕಟ್ಟಡದ ಮೇಲಿನ ಮಹಡಿಯೊಂದರಲ್ಲಿ. ಎಪ್ಪತ್ತು ದಾಟಿದ ಹೆಂಗಸು, ಚಳಿನಾಡಾದ ಮಿನ್ನೆಸೋಟದ ಹೈನುಗಾರಿಕೆಯ ಊರಿನವಳು. ಗಂಡ ಹಾರ್ಲನ್ ಜೊತೆ ಬಿಸಿಲು ಹುಡುಕಿಕೊಂಡು ಇಲ್ಲಿಗೆ ಬಂದವಳು. ಹಾರ್ಲನ್ ತೀರಿಕೊಂಡು ನಾಲ್ಕು ಚಳಿಗಾಲ ಆಯಿತು. ಪಕ್ಕದ ಮನೆಯವಳು ಫ್ರೀಡಾ ಜೆಲ್ನಿಕ್. ಬ್ರೂಕ್ಲಿನ್ನಿನಲ್ಲಿ ಜೀವಮಾನವಿಡೀ ಟೋಪಿ ಅಂಗಡಿ ನಡೆಸಿದ ಆಕೆಯ ನಾಲಿಗೆಗೂ ಕತ್ತರಿಗೂ ಹೆಚ್ಚು ವ್ಯತ್ಯಾಸವಿಲ್ಲ. ಇಬ್ಬರ ಬಾಲ್ಕನಿಗಳ ನಡುವೆ ಸೊಂಟದೆತ್ತರದ ಒಂದು ಗೋಡೆ, ಅಷ್ಟೆ. ಅದರ ಮೇಲಿಂದ ಸೂಪಿನ ಬಟ್ಟಲು ಆ ಕಡೆಯಿಂದ ಈ ಕಡೆಗೆ ಬರುತ್ತದೆ, ನಿಂಬೆಹಣ್ಣಿನ ಪೈ ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ.

ಕಟ್ಟಡದವರ ಲೆಕ್ಕದಲ್ಲಿ ಅತ್ಯಂತ ಒಳ್ಳೆಯ ಹಡಗು ‘ಜಾಂಬೊರಿ’. ನೆತ್ತಿಯ ಮೇಲೆ ನೀರಿನ ಜಾರುಬಂಡೆ, ಕಿವಿ ಒಡೆಯುವ ಸಂಗೀತ, ಕಂಬಿಗೆ ನೇತುಬಿದ್ದು ಎರಡೂ ಕೈ ಬೀಸುವ ಒಂದಿಡೀ ಊರಿನಷ್ಟು ಜನ. ಅತ್ಯಂತ ಕೆಟ್ಟದ್ದು ‘ಲೇಡಿ ಹೆಲೆನ್’. ಕಡುನೀಲಿ ಬಣ್ಣದ, ಸಣ್ಣ, ಹಳೆಯ ಹಡಗು. ಸದ್ದಿಲ್ಲದೆ ಬರುತ್ತದೆ, ಸದ್ದಿಲ್ಲದೆ ಹೋಗುತ್ತದೆ. ಅದರ ಮೇಲೆ ಒಬ್ಬರೂ ಕಾಣುವುದಿಲ್ಲ, ಒಬ್ಬರೂ ಕೈ ಬೀಸುವುದಿಲ್ಲ. ಫ್ರೀಡಾ ಅದಕ್ಕೆ ‘ತೇಲುವ ಶವಾಗಾರ’ ಎಂದು ಹೆಸರಿಟ್ಟಿದ್ದಳು.

ಆದರೆ ಆ ಹಡಗಿನಲ್ಲಿ ಒಬ್ಬ ಕೈ ಬೀಸುತ್ತಾನೆ ಎಂಬುದು ಆರ್ಡಿಸಳಿಗೆ ಗೊತ್ತಿತ್ತು.

ಹಾರ್ಲನ್‌ನನ್ನು ಮಣ್ಣು ಮಾಡಿ ಬಂದ ವಾರ ಅದು. ಆಕೆ ಅತ್ತಿರಲಿಲ್ಲ. ಅವಳ ಊರಿನವರು ಸುಲಭಕ್ಕೆ ಅಳುವವರಲ್ಲ. ಅಂದು ಸಂಜೆ ಬಾಲ್ಕನಿಯಲ್ಲಿ ಸುಮ್ಮನೆ ಕೂತಿದ್ದಳು. ಕೆಳಗೆ ‘ಲೇಡಿ ಹೆಲೆನ್’ ಹಾಯುತ್ತಿತ್ತು. ಹಳದಿ ಬಿಸಿಲು ನೀರಿನ ಮೇಲೆ ಎಣ್ಣೆ ಚೆಲ್ಲಿದಂತೆ ಹರಡಿತ್ತು. ಪೂರ್ತಿ ಖಾಲಿಯಿದ್ದ ಹಡಗು ಮುಂದೆ ಹೋಗಿ, ಅದರ ಹಿಂಭಾಗ ಕಾಣುವ ಹೊತ್ತಿಗೆ ಅಲ್ಲಿ ಒಬ್ಬನೇ ಒಬ್ಬ ನಿಂತಿದ್ದ. ಬಿಳಿಯದೊಂದನ್ನು ಕೈಯಲ್ಲಿ ಹಿಡಿದು ಬೀಸುತ್ತಿದ್ದ. ಅವಸರವಿಲ್ಲ, ಗದ್ದಲವಿಲ್ಲ. ಮೇಲಕ್ಕೆ, ಕೆಳಕ್ಕೆ, ಮತ್ತೆ ಮೇಲಕ್ಕೆ. ಹಡಗು ಸಮುದ್ರದ ಬೆಳಕಿನಲ್ಲಿ ಕರಗುವವರೆಗೂ ಬೀಸಿದ. ಆರ್ಡಿಸ್ ಎದ್ದು ನಿಂತಳು. ಅವಳ ಕೈ ತಾನಾಗಿಯೇ ಮೇಲೆದ್ದಿತು.

ಮುಂದಿನ ಸಲವೂ ಅವನು ಇದ್ದ. ಅದರ ಮುಂದಿನ ಸಲವೂ ಇದ್ದ.

ದುರ್ಬೀನು ಹಾಕಿ ನೋಡಬಹುದಿತ್ತಲ್ಲ ಎನ್ನುತ್ತೀರಿ. ಪರ ಗಂಡಸನ್ನು ದುರ್ಬೀನು ಹಾಕಿ ನೋಡುವಂತೆ ಅವಳ ತಾಯಿ ಅವಳನ್ನು ಬೆಳೆಸಿರಲಿಲ್ಲ. ಅಲ್ಲದೆ ನೋಡುವ ಅಗತ್ಯವಾದರೂ ಏನಿತ್ತು? ಕಾಣದ ಮುಖವನ್ನು ಅವಳೇ ನಿಧಾನವಾಗಿ ಮಾಡಿಕೊಂಡಳು. ಮೊದಲು ಒಂದು ಟೋಪಿ ಕೊಟ್ಟಳು. ಆಮೇಲೆ ಸ್ವಲ್ಪ ಬಾಗಿದ ಭುಜ, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಅಭ್ಯಾಸ, ದೊಡ್ಡ ಕೈಗಳು. ಮಧ್ಯಾಹ್ನದ ಜೊಂಪಿನಲ್ಲಿ, ಪರದೆ ಗಾಳಿಗೆ ಉಬ್ಬಿ ಇಳಿಯುವಾಗ, ಮನೆಯೇ ಮೆಲ್ಲಗೆ ದಡ ಬಿಟ್ಟು ಹೊರಟಂತೆ ಅವಳಿಗೆ ಅನ್ನಿಸುತ್ತಿತ್ತು. ಸೋಫಾ, ದೀಪ, ಗೋಡೆಯ ಚಿತ್ರಗಳು ಎಲ್ಲ ನೀರಿನ ಮೇಲೆ. ಕಂಬಿಯ ಹತ್ತಿರ ಅವನು, ಪಕ್ಕದಲ್ಲಿ ಇವಳು. ಇವತ್ತು ಮೊಣಕಾಲು ನೋವು ಜಾಸ್ತಿ ಎಂದು ಅವನಿಗೆ ಹೇಳುತ್ತಾಳೆ. ಅವನು ಗಂಟಲು ಸರಿಮಾಡಿಕೊಳ್ಳುತ್ತಾನೆ, ಏನೂ ಹೇಳುವುದಿಲ್ಲ. ಎಚ್ಚರವಾದಾಗ ಬಾಯಿಯಲ್ಲಿ ಉಪ್ಪಿನ ರುಚಿ ಇರುತ್ತಿತ್ತು.

ನಗಬೇಡಿ. ಒಂಟಿ ಮನೆಯಲ್ಲಿ ಒಂದು ಚಳಿಗಾಲ ಕಳೆದು ನೋಡಿ, ಆಮೇಲೆ ನಗುವಿರಂತೆ.

ಈ ವರ್ಷ ಹೊಸ ವರ್ಷದ ಪಾರ್ಟಿಯ ಮರುದಿನ ಆರ್ಡಿಸ್ ಗೋಡೆಯ ಆಚೆಗೆ ಬಾಗಿ, “ಫ್ರೀಡಾ, ನಾನೊಂದ್ಸಲ ಹಡಗು ಹತ್ತಬೇಕು ಅಂತಿದೀನಿ ಕಣೇ,” ಎಂದಳು. ಇಷ್ಟು ವರ್ಷ ಹಡಗುಗಳಿಗೆ ಕೈ ಬೀಸಿದ್ದೇ ಬಂತು, ಇಬ್ಬರೂ ಒಂದನ್ನೂ ಹತ್ತಿದವರಲ್ಲ.

ಫ್ರೀಡಾ ಕೈಯಲ್ಲಿದ್ದ ಕಾಫಿಯನ್ನು ಅಲ್ಲೇ ಇಟ್ಟಳು. “ಅಬ್ಬಾ, ಕೊನೆಗೂ ಬುದ್ಧಿ ಬಂತಲ್ಲ ಮಾರಾಯ್ತಿ! ಜಾಂಬೊರಿಗೆ ಹೋಗೋಣ, ಇಬ್ಬರೂ. ಒಂದೇ ಕೋಣೆ. ನೀನು ಗೊರಕೆ ಹೊಡೀತೀಯ ಅಂತ ಗೊತ್ತು, ಗೋಡೆ ಆಚೆಗೂ ಕೇಳುತ್ತೆ. ಸಹಿಸ್ಕೋತೀನಿ.”

“ಜಾಂಬೊರಿ ಅಲ್ಲ. ಲೇಡಿ ಹೆಲೆನ್.”

ಫ್ರೀಡಾಳ ಮುಖ ಒಮ್ಮೆಲೇ ಬಿಗಿದುಕೊಂಡಿತು. “ತಲೆ ಕೆಟ್ಟಿದೆಯಾ ನಿಂಗೆ?” ಎಂದವಳು ಕಾಫಿ ಎತ್ತಿಕೊಂಡು ಒಳಗೆ ಹೋದಳು.

ಆದರೂ ಟಿಕೆಟು ಮಾಡಿಸುವ ದಿನ ಜೊತೆಗೆ ಬಂದಳು. ಸೂಪರ್‌ಮಾರ್ಕೆಟ್ಟಿನ ಪಕ್ಕದಲ್ಲಿ, ಉಗುರಿಗೆ ಬಣ್ಣ ಹಚ್ಚುವ ಅಂಗಡಿಗೂ ದೋಬಿ ಅಂಗಡಿಗೂ ನಡುವೆ ಡೆಸ್ಮಂಡನ ಕಚೇರಿ. ಜಮೈಕಾ ಕಡೆಯ ಮನುಷ್ಯ, ವಯಸ್ಸಾದವರಿಗೆ ಹಡಗು ಗೊತ್ತುಮಾಡಿ ಕೊಡುವುದರಲ್ಲಿ ಪಳಗಿದವನು.

“ಹಡಗು ಅಂದ್ರೆ ಚಪ್ಪಲಿ ಇದ್ದ ಹಾಗೆ ಮೇಡಂ,” ಎಂದ. “ಅಂದವಾಗಿದೆ ಅಂತ ತಗೋಬಾರದು, ಕಾಲಿಗೆ ಆಗಬೇಕು. ನಿಮ್ಮ ವಯಸ್ಸಿನವರೇ ಇರೋ ಹಡಗೂ ಇದೆ, ಮಕ್ಕಳು ಮರಿ ತುಂಬಿರೋ ಹಡಗೂ ಇದೆ. ಆದ್ರೆ ವಯಸ್ಸು ಒಂದೇ ನೋಡಿದ್ರೆ ಆಗಲ್ಲ. ಎಂಬತ್ತರವರು ಜಾರುಬಂಡೆಯಲ್ಲಿ ಜಾರಿದ್ದು ನೋಡಿದೀನಿ, ನಲವತ್ತರವರು ಕಂಬಳಿ ಹೊದ್ದು ಕೂತಿದ್ದೂ ನೋಡಿದೀನಿ. ನಾನು ಕೇಳ್ತೀನಿ, ನೀವು ನಿಜ ಹೇಳಿ. ಸಂಜೆ ಹೊತ್ತು ನಿಮಗೆ ಡ್ಯಾನ್ಸ್ ಇಷ್ಟವೋ, ಉಪನ್ಯಾಸ ಇಷ್ಟವೋ?”

“ಉಪನ್ಯಾಸ,” ಎಂದಳು ಆರ್ಡಿಸ್.

ಫ್ರೀಡಾ ಕುರ್ಚಿಯಲ್ಲಿ ಪೂರ್ತಿ ತಿರುಗಿ ಅವಳನ್ನು ನೋಡಿದಳು. “ಹೋದ ವಾರ ಪಾರ್ಟಿಯಲ್ಲಿ ಕುಣಿದೂ ಕುಣಿದೂ ಶೂ ಹರಿದುಕೊಂಡವಳು ಯಾರು? ನಿಮ್ಮಜ್ಜಿಯಾ?”

“ಮಕ್ಕಳ ಗಲಾಟೆ ಆಗುತ್ತಾ ಮೇಡಂ?”

“ಇಲ್ಲಪ್ಪ, ನಂಗೆ ಶಾಂತವಾಗಿರಬೇಕು.”

“ಶಾಂತಿ ಅಂತೆ! ಮನೇಲಿ ಎರಡು ರೇಡಿಯೋ ಒಟ್ಟಿಗೆ ಹಾಕ್ತಾಳೆ ಇವಳು.”

“ಊಟಕ್ಕೆ ದಿನಾ ಒಳ್ಳೆ ಬಟ್ಟೆ ಹಾಕ್ಕೊಂಡು, ಅದೇ ಮೇಜು, ಅದೇ ಜನರ ಜೊತೆ ಕೂರೋದು? ಇಲ್ಲ ಬೇಕಾದಾಗ ಬೇಕಾದ್ದು ತಗೊಂಡು ತಿನ್ನೋದು?”

“ಅದೇ ಮೇಜು, ಅದೇ ಜನ.” ಹೇಳುತ್ತಿದ್ದ ಹಾಗೆ ಆರ್ಡಿಸಳ ಕಿವಿಗಳು ಕೆಂಪಾದವು. ಪ್ರತಿ ಸುಳ್ಳಿಗೂ ‘ಲೇಡಿ ಹೆಲೆನ್’ ಒಂದೊಂದು ಹೆಜ್ಜೆ ಹತ್ತಿರ ಬರುತ್ತಿತ್ತು. ಡೆಸ್ಮಂಡ್ ಕನ್ನಡಕ ತೆಗೆದು ಒರೆಸಿಕೊಂಡು, “ನೀವು ಹೇಳಿದ್ದು ಎಲ್ಲಾ ನಿಜವಾದ್ರೆ, ನಿಮಗೆ ಲೇಡಿ ಹೆಲೆನ್ ಅಳತೆ ತೆಗೆದು ಹೊಲಿದ ಹಾಗಿರುತ್ತೆ,” ಎಂದ. ‘ನಿಜವಾದ್ರೆ’ ಎನ್ನುವಾಗ ಅವನು ನೋಡಿದ್ದು ಫ್ರೀಡಾಳ ಕಡೆಗೆ.

ಕಾರಿನ ಹತ್ತಿರ ಬಂದ ಮೇಲೆ ಫ್ರೀಡಾ ನಿಂತುಬಿಟ್ಟಳು. “ಅವನಿಗೋಸ್ಕರ ತಾನೇ ಹೋಗ್ತಿರೋದು? ಆ ಹಿಂದುಗಡೆ ನಿಲ್ಲೋನಿಗೋಸ್ಕರ?” ಅವನ ವಿಷಯವನ್ನು ಆರ್ಡಿಸ್ ಮೊದಲ ಚಳಿಗಾಲದಲ್ಲೇ ಒಮ್ಮೆ ಎರಡು ಗ್ಲಾಸು ವೈನ್ ಕುಡಿದ ಮೇಲೆ ಹೇಳಿಕೊಂಡಿದ್ದಳು.

“ಹೌದು. ಏನೀಗ?”

“ಅವನಿಗೆ ನಿನ್ನ ಹೆಸರೂ ಗೊತ್ತಿಲ್ಲ ಕಣೇ.”

“ಹೇಳಿದ್ರೆ ಗೊತ್ತಾಗುತ್ತೆ.”

“ಬೇಡ, ಆರ್ಡಿಸ್. ನನ್ನ ಮಾತು ಕೇಳು. ಬೇರೆ ಯಾವ ಹಡಗಾದರೂ ಸರಿ, ನಾನೂ ಬರ್ತೀನಿ. ಅದೊಂದು ಬೇಡ.”

“ನೀನೂ ಬಾ ಅಂತ ನಾನು ಕರೀಲಿಲ್ವಾ?”

“ಅದಕ್ಕೆ ನನ್ನ ಹೆಣಾನೂ ಬರಲ್ಲ!” ಎಂದು ಫ್ರೀಡಾ ಕಾರಿನ ಬಾಗಿಲು ಧಡಾರನೆ ಹಾಕಿಕೊಂಡಳು.

ಅಂದಿನಿಂದ ಗೋಡೆಯ ಮೇಲಿಂದ ಸೂಪು ಬರಲಿಲ್ಲ. ಹೊಟ್ಟೆಕಿಚ್ಚು ಎಂದುಕೊಂಡಳು ಆರ್ಡಿಸ್. ತನ್ನನ್ನು ಕಂಡು ಕೈ ಬೀಸುವವನೊಬ್ಬನಿದ್ದಾನೆ, ಅವಳಿಗಿಲ್ಲ, ಅದಕ್ಕೇ ಈ ಸಿಟ್ಟು. ಹಾಗೆ ಅಂದುಕೊಂಡದ್ದಕ್ಕೆ ನಾಚಿಕೆಯೂ ಆಯಿತು, ಆದರೆ ಸೋಲಲು ಮನಸ್ಸು ಬರಲಿಲ್ಲ. ಹೊರಡುವ ದಿನ ಚೆರ್ರಿ ಬಣ್ಣದ ಹೊಸ ಉಡುಪು ತೊಟ್ಟು, ಪಕ್ಕದ ಬಾಗಿಲನ್ನು ತಟ್ಟಿದಳು. ಒಳಗೆ ಟಿವಿ ಸದ್ದು ಕೇಳುತ್ತಿತ್ತು. ಬಾಗಿಲು ತೆರೆಯಲಿಲ್ಲ.

‘ಲೇಡಿ ಹೆಲೆನ್’ ಒಳಗೆ ಕಾಲಿಟ್ಟಾಗ ಆರ್ಡಿಸಳಿಗೆ ಕನಸಿನೊಳಗೆ ಇಳಿದಂತಾಯಿತು. ಹೆಜ್ಜೆ ಸದ್ದನ್ನೆಲ್ಲ ನುಂಗುವ ರತ್ನಗಂಬಳಿ. ಹಿತ್ತಾಳೆಯ ದೀಪಗಳು. ಎಲ್ಲೋ ಒಬ್ಬ ಪಿಯಾನೋ ನುಡಿಸುತ್ತಿದ್ದ, ಯಾರಿಗೂ ಕೇಳಿಸಬಾರದು ಎಂಬಷ್ಟು ಮೆಲ್ಲಗೆ. ಊರುಗೋಲಿನ ಗಂಡಸರು, ಮುತ್ತಿನ ಸರದ ಹೆಂಗಸರು ಆಗಲೇ ಊಟದ ಕೋಣೆಯತ್ತ ಹೊರಟಿದ್ದರು. ಇವರ ಮೊದಲ ಪಂಕ್ತಿ ಹಡಗು ಬಿಡುವ ಹೊತ್ತಿಗೇ ಕೂರುತ್ತದಂತೆ. ಹಾಗಾದರೆ ಇವರು ಜಂಬದವರಲ್ಲ, ಪಾಪ, ಸೂಪು ಕುಡಿಯುತ್ತಿರುತ್ತಾರೆ ಅಷ್ಟೆ! ಇಡೀ ಕಟ್ಟಡ ಇಷ್ಟು ವರ್ಷ ಇವರನ್ನು ಸುಮ್ಮಸುಮ್ಮನೆ ಬೈದಿತ್ತಲ್ಲ ಎಂದು ಆರ್ಡಿಸಳಿಗೆ ನಗು ಬಂತು. ಅವಳು ಊಟಕ್ಕೆ ಹೋಗಲಿಲ್ಲ. ಕನ್ನಡಿಯಲ್ಲಿ ತುಟಿಯ ಬಣ್ಣ ಸರಿಮಾಡಿಕೊಂಡು, ಹಡಗಿನ ಹಿಂಭಾಗ ಹುಡುಕುತ್ತ ಹೊರಟಳು.

ಭಾರವಾದ ಬಾಗಿಲು ತಳ್ಳಿದಾಗ ಬೆಳಕು ಮುಖಕ್ಕೆ ಬಡಿಯಿತು. ಮರದ ನೆಲ, ಖಾಲಿ ಕುರ್ಚಿಗಳ ಸಾಲು, ಕೊನೆಯಲ್ಲಿ ಎದೆಯೆತ್ತರದ ಗಾಜಿನ ತಡೆ. ಕೆಳಗೆ ನೀರು ಕಲಕಿ ಬಿಳಿಯಾಗಿತ್ತು. ಹಡಗು ಆಗಲೇ ದಡ ಬಿಟ್ಟಿತ್ತು. ಅಲ್ಲಿ ಒಬ್ಬನಿದ್ದ.

ಟೋಪಿ ಇರಲಿಲ್ಲ. ಭುಜ ಬಾಗಿರಲಿಲ್ಲ. ಹಡಗಿನ ಸಮವಸ್ತ್ರ ತೊಟ್ಟ, ಮೂವತ್ತರ ಆಸುಪಾಸಿನ ನೌಕರ. ಕೈಯಲ್ಲಿ ದೊಡ್ಡದೊಂದು ಬಿಳಿ ಬಟ್ಟೆ. ಅದನ್ನು ಗಾಜಿನ ಮೇಲೆ ಆಡಿಸುತ್ತಿದ್ದ. ಮೇಲಕ್ಕೆ, ಕೆಳಕ್ಕೆ, ಮತ್ತೆ ಮೇಲಕ್ಕೆ.

ಆರ್ಡಿಸ್ ನಿಂತಲ್ಲೇ ನಿಂತಳು.

“ಗುಡ್ ಈವ್ನಿಂಗ್ ಮೇಡಂ,” ಎಂದ ಅವನು. ಎದೆಯ ಮೇಲಿನ ಪಟ್ಟಿಯ ಪ್ರಕಾರ ಹೆಸರು ವಯಾನ್, ಬಾಲಿ ದ್ವೀಪದವನು. “ಊಟದ ಕೋಣೆ ಕೆಳಗಿದೆ. ತೋರಿಸಲಾ?”

“ಬೇಡ. ನೀವು... ಇದನ್ನ ದಿನಾ ಮಾಡ್ತೀರಾ?”

“ಬಂದರು ಬಿಡೋ ದಿನ ತಪ್ಪಿಸೋ ಹಾಗಿಲ್ಲ ಮೇಡಂ. ಗಾಜಿನ ಮೇಲೆ ಉಪ್ಪು ಕೂತಿರುತ್ತೆ. ಈಗ ಒರೆಸಿದ್ರೆ ಊಟ ಮುಗಿಸಿ ಬರೋರಿಗೆ ಸೂರ್ಯ ಮುಳುಗೋದು ಚೆನ್ನಾಗಿ ಕಾಣುತ್ತೆ.”

“ನಾಲ್ಕು ವರ್ಷದಿಂದಲೂ ನೀವೇನಾ?”

ಅವನು ನಕ್ಕ. “ಅಯ್ಯೋ ಇಲ್ಲ, ನಾನು ಬಂದದ್ದೇ ಈ ಚಳಿಗಾಲ. ಮುಂಚೆ ಒಬ್ಬರಿದ್ರು, ಅವರಿಗೂ ಮುಂಚೆ ಇನ್ನೊಬ್ಬರು. ಈ ಗಾಜಿನ ಕೆಲಸ ಯಾರ ಪಾಳಿಗೆ ಬರುತ್ತೋ ಅವರು.”

ಒಬ್ಬನೂ ಅಲ್ಲ! ಒಬ್ಬ ಮನುಷ್ಯನೂ ಅಲ್ಲ, ಒಂದು ಪಾಳಿ! ಆರ್ಡಿಸಳಿಗೆ ಮೊದಲು ನಗುವೇ ಬಂತು. ಕುರ್ಚಿಯ ಬೆನ್ನು ಹಿಡಿದು ನಕ್ಕಳು. ನಗುತ್ತ ನಗುತ್ತ ಕುಸಿದು ಕೂತಳು. ಟೋಪಿ ಯಾರದ್ದು ಎಂದು ಆಗ ಅವಳಿಗೆ ಹೊಳೆಯಿತು. ಬಾಗಿದ ಭುಜ ಯಾರದ್ದು, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವುದು ಯಾರು, ಆ ದೊಡ್ಡ ಕೈಗಳು ಯಾರವು. ಎಲ್ಲ ಹಾರ್ಲನ್‌ನದ್ದು. ಸತ್ತುಹೋದ ಗಂಡನನ್ನು ತಂದು ಒಂದು ಹಡಗಿನ ಹಿಂದುಗಡೆ ನಿಲ್ಲಿಸಿ, ಅವನು ಪ್ರತಿ ಸಲ ಹೋಗುವುದನ್ನು ನೋಡುತ್ತ ಕೂತಿದ್ದಳು ಅವಳು. ನಾಲ್ಕು ಚಳಿಗಾಲ ಬಾರದ ಅಳು ಈಗ ಬಂತು. ಚೆರ್ರಿ ಉಡುಪಿನ ಮೇಲೆ ಟಪಟಪ ಬಿತ್ತು.

ವಯಾನ್ ಗಾಬರಿಯಾಗಿ ಬಟ್ಟೆ ಹಿಡಿದುಕೊಂಡೇ ಹತ್ತಿರ ಬಂದ. “ಮೇಡಂ, ನಾನೇನಾದ್ರೂ ತಪ್ಪು ಮಾತಾಡಿದ್ನಾ? ಡಾಕ್ಟರನ್ನ ಕರೀಲಾ?”

“ನಿಮ್ಮ ತಪ್ಪು ಏನಿಲ್ಲಪ್ಪ. ನೀವು ಗಾಜು ತುಂಬಾ ಚೆನ್ನಾಗಿ ಒರೆಸ್ತೀರಿ,” ಎಂದಳು ಆರ್ಡಿಸ್. ಅದನ್ನು ಹೇಳಿದ ಮೇಲೆ ಇನ್ನಷ್ಟು ಅಳು ಬಂತು.

ಆಗ ಗಂಟೆಗಳು ಕೇಳಿಸಿದವು.

ಕಟ್ಟಡ ಬಲಗಡೆಯಿಂದ ಮೆಲ್ಲಗೆ ಬರುತ್ತಿತ್ತು. ಇಲ್ಲ, ಕಟ್ಟಡ ಅಲ್ಲೇ ಇತ್ತು, ಬರುತ್ತಿದ್ದವಳು ಆರ್ಡಿಸ್. ಅವಳು ಅದನ್ನು ನೀರಿನಿಂದ ಎಂದೂ ನೋಡಿದವಳಲ್ಲ. ಇಷ್ಟು ತೆಳ್ಳಗಿದೆಯೇ ತಮ್ಮ ಕಟ್ಟಡ! ಹಳದಿ ಬಿಸಿಲಿನಲ್ಲಿ ಬಾಲ್ಕನಿಗಳು ಜೇನುಗೂಡಿನ ಕಣ್ಣುಗಳಂತೆ ಕಾಣುತ್ತಿದ್ದವು. ಅಲ್ಲಲ್ಲಿ ಒಂದು ಟವೆಲು, ಒಂದು ಬಾಣಲೆಯ ಹೊಳಪು. ಹಾಯುವುದು ‘ಲೇಡಿ ಹೆಲೆನ್’ ತಾನೇ ಎಂದು ಬಹಳ ಜನ ಹೊರಗೇ ಬಂದಿರಲಿಲ್ಲ. ಆರ್ಡಿಸ್ ಮಹಡಿಗಳನ್ನು ಕಣ್ಣಲ್ಲೇ ಹತ್ತುತ್ತ ಹೋದಳು. ತನ್ನ ಬಾಲ್ಕನಿ ಸಿಕ್ಕಿತು. ಖಾಲಿ. ಅದರ ಪಕ್ಕದ್ದು ಖಾಲಿಯಿರಲಿಲ್ಲ. ಹಳದಿ ನೈಟಿಯಲ್ಲಿ ಒಂದು ಸಣ್ಣ ಆಕಾರ, ಎರಡೂ ಕೈಯಲ್ಲಿ ಗಂಟೆ ಹಿಡಿದು, ಗೋಡೆಗೆ ಒರಗಿ, ಬೀಳುವ ಹಾಗೆ ಮುಂದಕ್ಕೆ ಬಾಗಿ ಬಾರಿಸುತ್ತಿತ್ತು.

ಫ್ರೀಡಾ ಅಲ್ಲಿ ಪ್ರತಿ ಸಲವೂ ನಿಂತಿದ್ದಳು. ಪ್ರತಿ ಸಲ. ಅವಳ ಮೊಣಕೈ ತಾಕುವಷ್ಟು ಹತ್ತಿರ. ಆರ್ಡಿಸ್ ಒಂದು ಸಲವೂ ಆ ಕಡೆ ತಿರುಗಿರಲಿಲ್ಲ, ಅವಳ ಕಣ್ಣೆಲ್ಲ ಹಡಗಿನ ಮೇಲಿತ್ತು.

“ಸ್ವಲ್ಪ ಇದನ್ನ ಕೊಡಿ,” ಎಂದು ಆರ್ಡಿಸ್ ವಯಾನನ ಕೈಯಿಂದ ಬಟ್ಟೆಯನ್ನು ಕಸಿದುಕೊಂಡಳು. ಗಾಜಿನ ತಡೆಗೆ ಎದೆ ಒತ್ತಿ, ತುದಿಗಾಲಲ್ಲಿ ನಿಂತು, ತಲೆಯ ಮೇಲೆ ಬೀಸಿದಳು. ಮೇಲಕ್ಕೂ ಅಲ್ಲ, ಕೆಳಕ್ಕೂ ಅಲ್ಲ, ಆ ಕಡೆಯಿಂದ ಈ ಕಡೆಗೆ, ಮನಸ್ಸು ಬಂದ ಹಾಗೆ, ಒದ್ದೆ ಬಟ್ಟೆಯ ನೀರು ಮುಖಕ್ಕೆ ಸಿಡಿಯುವಂತೆ.

ಬಾಲ್ಕನಿಯಲ್ಲಿ ಗಂಟೆಗಳು ನಿಂತವು. ಸ್ವಲ್ಪ ಹೊತ್ತಿಗೆ ಆರ್ಡಿಸಳ ಚೀಲದಲ್ಲಿ ಫೋನು ಬಡಿದುಕೊಂಡಿತು.

“ಆರ್ಡಿಸ್?” ಫ್ರೀಡಾಳ ದನಿ ಎಂದಿನಂತಿರಲಿಲ್ಲ. “ಹುಷಾರಾಗಿದೀಯಾ?”

“ಅವನು ಇಲ್ಲ ಕಣೇ. ಯಾವತ್ತೂ ಇರಲಿಲ್ಲ. ಅವರು ಗಾಜು...”

“ಗೊತ್ತು.”

“ಗೊತ್ತಾ?”

“ಮೊದಲನೇ ಚಳಿಗಾಲವೇ ನೋಡಿದ್ದೆ. ನನ್ನ ಗಂಡ ಮಾರ್ಟ್ ಬಿಟ್ಟುಹೋದ ದುರ್ಬೀನು ಇದೆಯಲ್ಲ, ಅದರಲ್ಲಿ. ನಿಂಗೆ ಹೇಳೋಣ ಅಂತಲೇ ಅವತ್ತು ನಿಮ್ಮನೆಗೆ ಬಂದಿದ್ದೆ. ಅವತ್ತು ನೀನು ತಲೆ ಬಾಚಿಕೊಂಡಿದ್ದೆ. ಹಾರ್ಲನ್ ಹೋದ ಮೇಲೆ ಮೊದಲನೇ ಸಲ. ಮೊಟ್ಟೆ ಬೇಯಿಸ್ಕೊಂಡು ತಿಂತಿದ್ದೆ. ಹೇಗೆ ಹೇಳಲಿ ನಾನು? ಹೇಳಲಿಲ್ಲ. ಆಮೇಲೆ ಹೇಳೋಕೇ ಆಗಲಿಲ್ಲ. ನೀನು ಅಲ್ಲಿಗೇ ಹೋಗ್ತೀನಿ ಅಂದಾಗ, ಅಲ್ಲಿ ನಿನ್ನ ಎದೆ ಒಡೆಯುತ್ತಲ್ಲ, ನಾನು ಪಕ್ಕದಲ್ಲಿ ನಿಂತು ಅದನ್ನ ಹೇಗೆ ನೋಡ್ಲಿ ಅಂತ... ಬೆಳಿಗ್ಗೆ ಬಾಗಿಲು ತೆಗೀಲಿಲ್ಲ. ಕ್ಷಮಿಸು ಕಣೇ.”

ಕಟ್ಟಡ ಹಿಂದಕ್ಕೆ ಸರಿಯತೊಡಗಿತ್ತು. ಹಡಗಿನ ಅಡಿಯಲ್ಲಿ ಸಮುದ್ರದ ಮೊದಲ ಅಲೆ ತಾಗಿ, ಇಡೀ ನೆಲ ಉಸಿರೆಳೆದಂತೆ ಮೇಲೆದ್ದು ಇಳಿಯಿತು.

“ಈಗ ಬೀಸಿದ್ದು ಯಾರು?” ಎಂದಳು ಫ್ರೀಡಾ. “ಅದು ಒರೆಸಿದ ಹಾಗಿರಲಿಲ್ಲ.”

“ನಾನು. ನಿಂಗೆ.”

ಆ ಕಡೆಯಿಂದ ಮೂಗು ಸೀಟುವ ಸದ್ದು ಬಂತು.

“ಇಷ್ಟು ವರ್ಷ ಬಾರಿಸಿದೀನಿ ಆರ್ಡಿಸ್. ಯಾರೋ ನಂಗೇ ಅಂತ ಬೀಸಿದ್ದು ಇದೇ ಮೊದಲು. ಇನ್ನೊಂದ್ಸಲ ಬೀಸು. ಕಣ್ಣಲ್ಲಿ ನೀರು ಬಂದು ಸರಿಯಾಗಿ ನೋಡ್ಲಿಲ್ಲ.”

ಆರ್ಡಿಸ್ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಬೀಸಿದಳು. ವಯಾನ್ ಏನೂ ಅರ್ಥವಾಗದೆ ಪಕ್ಕದಲ್ಲಿ ನಿಂತು ತಾನೂ ಕೈ ಬೀಸಿದ. ಬಾಲ್ಕನಿಗಳು ಒಂದರಲ್ಲೊಂದು ಸೇರಿ ಗೋಡೆಯಾದವು, ಗೋಡೆ ಗೆರೆಯಾಯಿತು. ಸೂರ್ಯ ಅದರ ಹಿಂದೆ ಇಳಿದಾಗ ಆ ಗೆರೆಯೂ ಬೆಳಕಿನಲ್ಲಿ ಅಳಿಸಿಹೋಯಿತು. ಅವಳ ತೋಳು ನೋಯುತ್ತಿತ್ತು.

“ಇನ್ನೂ ಕಾಣ್ತಿದೀನಾ?” ಎಂದು ಕೇಳಿದಳು.

“ಕಾಣ್ತಿದೀಯ,” ಎಂದಳು ಫ್ರೀಡಾ. “ಕಾಣ್ತಿದೀಯ ಕಣೇ. ನಿಲ್ಲಿಸಬೇಡ.”